ಪಡುಮಲೆಯ ಮಾತೆ ದೇಯಿ ಬೈದೆತಿ

ಬಂಟವಾಳ, ಬೆಳ್ತಂಗಡಿ, ಮೂಡಬಿದಿರೆಗಳ ಸೀಮೆಯಲ್ಲಿ ಮಳೆಗಾಲವು ಕಳೆದು ಪೈರು ಕೊಯ್ಲಾಯಿತೆಂದರೆ, ಒಂದಲ್ಲ ಒಂದೂರಿನ ಗರೋಡಿಯಲ್ಲಿ ಬೈದೆರ್ಕಳ ನೇಮದ ದೀವಟಿಗೆಗಳು ಬೆಳಗುವುವು. ಇಡೀ ರಾತ್ರಿ ಜನರು ಅಂಗಳದಲ್ಲಿ ಕುಳಿತು ಕೋಟಿ ಚೆನ್ನಯರೆಂಬ ಅವಳಿವೀರರ ಕಥೆಯನ್ನು ಕೇಳುವರು. ಅವರ ಸುರಿಯಗಳಿಗೆ ಕೈಮುಗಿಯುವರು. ತುಳುನಾಡಿನಲ್ಲಿ ಅರುವತ್ತಾರು ಗರೋಡಿಗಳೆಂದು ಹಾಡಿನ ಲೆಕ್ಕ. ಎಣಿಸುತ್ತ ಹೋದರೆ ಅದಕ್ಕಿಂತ ಹೆಚ್ಚೇ ಸಿಕ್ಕುವುವು. ಆ ಮಕ್ಕಳ ಹೆಸರನ್ನು ಅರಿಯದ ಶಿಶುವು ಸಹ ಈ ಸೀಮೆಯಲ್ಲಿಲ್ಲ. ಆದರೆ ಆ ಹಾಡು ಮೊದಲಾಗುವುದು ಮಕ್ಕಳಿಂದಲ್ಲ, ತಾಯಿಯಿಂದ. ರಾತ್ರಿಯ ಮೊದಲ ಜಾವದಲ್ಲಿ, ಇನ್ನೂ ಜನರು ಚಾಪೆ ಹಾಸಿಕೊಳ್ಳುತ್ತಿರುವಾಗಲೇ, ತಾಯಿಯ ಭಾಗವು ಹಾಡಿ ಮುಗಿದುಹೋಗುವುದು. ಕತ್ತಿಯನ್ನು ಹಿಡಿದವರ ಕಥೆಗೆ ಕಾದು ಕುಳಿತವರು ಸೊಪ್ಪನ್ನು ಅರೆದವಳ ಕಥೆಗೆ ಕಿವಿಗೊಡುವುದು ಕಡಿಮೆ. ದೇಯಿ ಬೈದೆತಿಯೆಂಬ ಆ ಮಹಾತಾಯಿಯ ಚರಿತ್ರೆಯೇ ಇಲ್ಲಿ ಹೇಳಬೇಕಾದುದು.

ಶ್ರೀಮಠದ ಸದ್ಭಕ್ತರಿಗೆ ಈ ಚರಿತ್ರೆಯು ಪರಕೀಯವೆಂದು ತೋರಬೇಕಾದುದಿಲ್ಲ. ಕೆಳದಿಯ ಅರಸರ ಕಾಲದಲ್ಲಿ ಘಟ್ಟದ ಮೇಲಣ ವೀರಶೈವರು ತುಳುನಾಡಿಗೆ ಇಳಿದು ಬಂದರು. 1763ರಲ್ಲಿ ಹೈದರಾಲಿಯು ಬಿದನೂರನ್ನು ಹಿಡಿಯುವವರೆಗೂ ಆ ಅರಸುಮನೆತನದ ಆಳಿಕೆಯು ಈ ನಾಡಿನ ಮೇಲೆ ಇದ್ದಿತು. ಹಾಗೆ ಬಂದವರು ಇಲ್ಲಿಯ ಗದ್ದೆಯ ಅನ್ನವನ್ನು ಉಂಡರು, ಇಲ್ಲಿಯ ನೀರನ್ನು ಕುಡಿದರು, ಇಲ್ಲಿಯ ಹಾಡನ್ನೂ ಕೇಳಿದರು. ಅದಕ್ಕಿಂತಲೂ ಹತ್ತಿರವಾದ ಕಾರಣವೊಂದುಂಟು. ಹನ್ನೆರಡನೆಯ ಶತಮಾನದಲ್ಲಿ ಕಲ್ಯಾಣದ ಶರಣರು ಜನನಸೂತಕ, ಜಾತಿಸೂತಕ, ಪ್ರೇತಸೂತಕ, ರಜಸ್ಸೂತಕ, ಉಚ್ಛಿಷ್ಟಸೂತಕಗಳೆಂಬ ಐದನ್ನೂ ಲಿಂಗವಂತರಿಗೆ ಇಲ್ಲವೆಂದು ಸಾರಿದರು. ಆ ಮಾತಿನ ಬೆಲೆಯೆಷ್ಟೆಂಬುದನ್ನು ಅದನ್ನು ಆಚರಿಸುವವರ ಮನೆಯಲ್ಲಿ ಹುಟ್ಟಿ ಬೆಳೆದವರು ಸುಲಭವಾಗಿ ಅರಿಯಲಾರರು. ಸೂತಕದ ಭಯವು ಆಳುತ್ತಿದ್ದ ಕಾಲದಲ್ಲಿ ಒಬ್ಬ ಹೆಣ್ಣಿಗೆ ಏನಾಯಿತೆಂಬುದನ್ನು ಕಂಡಾಗಲೇ ಅದು ಮನಸ್ಸಿಗೆ ನಾಟುವುದು. ದೇಯಿಯ ಬಾಳು ಅಂತಹುದು.

ಆಕೆಯ ಕಾಲವನ್ನು ವರ್ಷಸಮೇತವಾಗಿ ಹೇಳುವ ಶಾಸನವಿಲ್ಲ. ಇಂದಿಗೆ ನಾಲ್ಕೈದು ನೂರು ವರ್ಷಗಳ ಹಿಂದಿನವಳೆಂದು ವಿದ್ವಾಂಸರ ಎಣಿಕೆ. ಆಗ ಮೂಡಬಿದಿರೆಯ ಕಡೆ ಚೌಟರು, ವೇಣೂರಿನಲ್ಲಿ ಅಜಿಲರು, ಬಂಗಾಡಿಯಲ್ಲಿ ಬಂಗರು ಆಳುತ್ತಿದ್ದರು. ಒಳನಾಡಿನಲ್ಲಿ ಚಿಕ್ಕ ಚಿಕ್ಕ ಬೀಡುಗಳ ಬಲ್ಲಾಳರು ತಂತಮ್ಮ ಮಾಗಣೆಗಳಿಗೆ ಒಡೆಯರಾಗಿದ್ದರು. ದೇಯಿಯ ಚರಿತ್ರೆಗೆ ಆಧಾರವು ತುಳು ಪಾಡ್ದನ. ದೈವದ ಸೇವೆಗೆ ನಿಲ್ಲುವವರು ಅದನ್ನು ನೇಮದ ರಾತ್ರಿ ಹೇಳುವರು. ಹೆಂಗಸರು ಮೊಣಕಾಲುದ್ದ ಕೆಸರಿನಲ್ಲಿ ನಿಂತು ನೇಜಿ ನೆಡುತ್ತ ಹಾಡುವರು. ಬಾಸೆಲ್ ಮಿಶನಿನ ಮೆನ್ನರ್ ಪಾದ್ರಿಯು 1886ರಲ್ಲಿ ಮಂಗಳೂರಿನಲ್ಲಿ ಪಾಡ್ದನಗಳನ್ನು ಅಚ್ಚುಹಾಕಿಸಿದನು. ಬರ್ನೆಲ್ ದೊರೆಯು ಸಂಗ್ರಹಿಸಿದ ಪಾಠಗಳು ಅವನು ತೀರಿಕೊಂಡ ಮೇಲೆ, 1894ರಿಂದ ಮೊದಲ್ಗೊಂಡು, ಇಂಗ್ಲಿಷ್ ಪತ್ರಿಕೆಯೊಂದರಲ್ಲಿ ಬೆಳಕು ಕಂಡುವು. ಕನ್ನಡಿಗರಿಗೆ ಈ ಕಥೆಯನ್ನು ಉಣಬಡಿಸಿದವರು ಬಂಟವಾಳದಲ್ಲಿ 1874ರಲ್ಲಿ ಹುಟ್ಟಿದ ಪಂಜೆ ಮಂಗೇಶರಾಯರು. ಆದರೆ ಪಾದ್ರಿಯ ಅಚ್ಚುಮೊಳೆಗೂ ರಾಯರ ಲೇಖನಿಗೂ ಮೊದಲು ನೂರಾರು ವರ್ಷ ಅದನ್ನು ಕಾಪಾಡಿದವರಲ್ಲಿ ಅಕ್ಷರವರಿಯದ ಒಕ್ಕಲು ಹೆಂಗಸರಿಗೆ ದೊಡ್ಡ ಪಾಲು ಸಲ್ಲಬೇಕು. ಊರಿಂದೂರಿಗೆ ಪಾಠವು ಸ್ವಲ್ಪ ಸ್ವಲ್ಪ ಬೇರೆಯಾಗುವುದಾದರೂ ನಡುವಣ ಸಂಗತಿಗಳಲ್ಲಿ ವ್ಯತ್ಯಾಸವಿಲ್ಲ.

ಮಕ್ಕಳಿಲ್ಲದ ಒಂದು ಬ್ರಾಹ್ಮಣ ದಂಪತಿಗಳಿಗೆ ದೈವಯೋಗದಿಂದ ಒಂದು ಮೊಟ್ಟೆ ದೊರೆತು, ಅದರಿಂದ ಒಂದು ಹೆಣ್ಣುಕೂಸು ಹೊರಬಂದಿತೆಂದು ಪಾಡ್ದನವು ಹೇಳುವುದು. ಚಿನ್ನದ ಕೇದಗೆಯಂತೆ ಹೊಳೆಯುತ್ತಿದ್ದ ಆ ಮಗುವಿಗೆ ಸುವರ್ಣ ಕೇದಗೆಯೆಂದು ಹೆಸರಾಯಿತು. ಮುದ್ದಾಗಿ ಬೆಳೆದಳು. ಆದರೆ ಮದುವೆಗೆ ಮೊದಲೇ ಮೈನೆರೆದಳು. ಮದುವೆಯಾಗದೆ ಋತುಮತಿಯಾದ ಹೆಣ್ಣನ್ನು ಮನೆಯಲ್ಲಿಟ್ಟುಕೊಂಡರೆ ಕುಲಕ್ಕೆ ಕೇಡೆಂಬ ಕಟ್ಟಳೆಯು ಆಗ ಇದ್ದಿತು. ಅಂತಹವಳನ್ನು ಕಣ್ಣಿಗೆ ಬಟ್ಟೆ ಕಟ್ಟಿ ಕಾಡಿಗೆ ಒಯ್ದು ಬಿಟ್ಟುಬರುತ್ತಿದ್ದರು. ಹಡೆದವರಿಗಿಂತ ಹೆಚ್ಚಾಗಿ ಹಂಬಲಿಸಿ ಪಡೆದವರೇ ಈಕೆಯನ್ನು ಹಾಗೆ ಬಿಟ್ಟುಬಂದರು. ಹುಲಿಯೋ ಹಾವೋ ಮುಂದಿನದನ್ನು ನೋಡಿಕೊಳ್ಳುವುದೆಂದು ಅವರು ಎಣಿಸಿದ್ದಿರಬಹುದು.

ಇಲ್ಲಿ ಒಂದು ಸಂಗತಿಯನ್ನು ನೆನೆಯದೆ ಮುಂದೆ ಹೋಗಲಾಗದು. ಇದೇ ತುಳುನಾಡಿನಲ್ಲಿ ಮಕರಮಾಸದ ಕೊನೆಗೆ ಮೂರು ದಿನ ಕೆಡ್ಡಸವೆಂಬ ಹಬ್ಬವನ್ನು ಆಚರಿಸುವರು. ಆ ದಿನಗಳಲ್ಲಿ ಭೂಮಿತಾಯಿಯು ಋತುಮತಿಯಾಗುವಳೆಂದು ನಂಬಿ ನೇಗಿಲನ್ನು ಹೂಡರು, ಗುದ್ದಲಿಯನ್ನು ಮುಟ್ಟರು, ಹಸಿಗಿಡವನ್ನು ಕಡಿಯರು. ಕಡೆಯ ದಿನ ಮನೆಯ ಹೆಂಗಸು ನೆಲವನ್ನು ಸಾರಿಸಿ, ಎಣ್ಣೆ ಕುಂಕುಮಗಳನ್ನಿಟ್ಟು ನಮಸ್ಕರಿಸುವಳು. ಮಣ್ಣಿನ ಮುಟ್ಟಿಗೆ ಕೈಮುಗಿದ ಜನರು ಮಗಳ ಮುಟ್ಟಿಗೆ ಕಾಡನ್ನು ತೋರಿಸಿದರು. ಶರಣರು ರಜಸ್ಸೂತಕವನ್ನು ಅಳಿಸಿಹಾಕಿದುದು ಇಂತಹ ಅನ್ಯಾಯಕ್ಕೆ ಎದುರಾಗಿಯೇ ಸರಿ. ಆದರೆ ಕಲ್ಯಾಣದ ಆ ಧ್ವನಿಯು ಘಟ್ಟದ ಕೆಳಗಣ ಈ ಕಾಡಿಗೆ ಅಂದು ಮುಟ್ಟಿರಲಿಲ್ಲ.

ಕಾಡಿನಲ್ಲಿ ಬೈನೆಯ ಮರವನ್ನು ಕಟ್ಟಿ ಕಳ್ಳಿಳಿಸುವುದಕ್ಕೆ ಬಂದಿದ್ದ ಸಾಯನ ಬೈದ್ಯನಿಗೆ ಅಳುವ ಧ್ವನಿಯು ಕೇಳಿಸಿತು. ಅವನು ಆಕೆಯ ಕಣ್ಣಿನ ಕಟ್ಟನ್ನು ಬಿಚ್ಚಿದನು. ಕುಲವನ್ನು ಕೇಳಿದನಾದರೂ ಕುಲವನ್ನು ನೋಡಿ ಕೈಬಿಡಲಿಲ್ಲ. ಒಡಹುಟ್ಟಿದವಳಂತೆ ಕರೆದುಕೊಂಡು ಹೋಗಿ ತನ್ನ ಗೆಜ್ಜೆಗಿರಿಯ ಮನೆಯಲ್ಲಿ ಇರಿಸಿಕೊಂಡನು. ಮೇಲಣ ಜಾತಿಯವರು ಹೊರಹಾಕಿದ ಹೆಣ್ಣನ್ನು ಮನೆಗೆ ಕರೆತಂದರೆ ತನ್ನ ಮೇಲೆ ಏನು ಆಪತ್ತು ಬಂದೀತೋ ಎಂದು ಎಣಿಸಲು ಅವನಿಗೆ ಬೇಕಾದಷ್ಟು ಕಾರಣವಿದ್ದಿತು. ಆ ಮನೆಯಲ್ಲಿ ಆಕೆಗೆ ದೇಯಿಯೆಂಬ ಹೆಸರು ನಿಂತಿತು. ಕಾಂತಣ ಬೈದ್ಯನಿಗೆ ಆಕೆಯನ್ನು ಧಾರೆಯೆರೆದು ಕೊಟ್ಟರು. ಅಂದಿನಿಂದ ಆಕೆ ದೇಯಿ ಬೈದೆತಿಯಾದಳು.

ಬೈದ್ಯನೆಂಬ ಮಾತು ವೈದ್ಯನೆಂಬುದರಿಂದಲೇ ಬಂದುದೆಂದು ಹಲವರು ವಿದ್ವಾಂಸರ ಅಭಿಪ್ರಾಯ. ಅದು ಹೇಗಾದರೂ ಇರಲಿ, ತುಳುನಾಡಿನ ಬಿಲ್ಲವರ ಎಷ್ಟೋ ಮನೆಗಳಲ್ಲಿ ನಾಟಿಮದ್ದಿನ ವಿದ್ಯೆಯು ತಲೆಯಿಂದ ತಲೆಗೆ ನಡೆದುಬಂದುದು ಎಲ್ಲರೂ ಬಲ್ಲ ಸಂಗತಿ. ಮರವೇರುವವನು ಕಾಡನ್ನು ಬಲ್ಲನು. ಯಾವ ಬಳ್ಳಿಯು ಯಾವ ಮರವನ್ನು ಹಬ್ಬುವುದು, ಯಾವ ಬೇರು ಯಾವ ತಿಂಗಳಲ್ಲಿ ರಸ ತುಂಬಿರುವುದು ಎಂಬುದು ಅವನಿಗೆ ದಿನನಿತ್ಯದ ನೋಟ. ಆದರೆ ತಂದ ಬೇರನ್ನು ತೇಯುವುದು, ಸೊಪ್ಪನ್ನು ಅರೆಯುವುದು, ಕಷಾಯವನ್ನು ಎಂಟರಲ್ಲೊಂದಕ್ಕೆ ಬತ್ತಿಸುವುದು, ರೋಗಿಯ ಮಗ್ಗುಲಲ್ಲಿ ರಾತ್ರಿಯೆಲ್ಲ ಎಚ್ಚರವಿರುವುದು ಇವೆಲ್ಲ ಹೆಂಗಸಿನ ಕೈಯ ಕೆಲಸ. ದೇಯಿಯು ಸಾಯನ ಬೈದ್ಯನ ಮನೆಯಲ್ಲಿ ಈ ವಿದ್ಯೆಯನ್ನು ಕಲಿತು, ಕೈಗುಣಕ್ಕೆ ಹೆಸರಾದಳು. ಕಲಿಸಿದವನಿಗಿಂತ ಕಲಿತವಳ ಹೆಸರು ದೂರ ಹೋಯಿತು.

ಒಕ್ಕಲುಮನೆಯ ಹೆಂಗಸಿಗೆ ಇದು ಬೇರೆಯಾಗಿ ಮಾಡುವ ಉದ್ಯೋಗವಲ್ಲ. ಮನೆಗೆಲಸದ ನಡುವೆಯೇ ಮಾಡಬೇಕಾದುದು. ಆ ಬಾಳಿನ ಬಗೆಯನ್ನು ತಿಳಿಯಬೇಕಾದರೆ ಈ ನಾಡಿನ ಬೇಸಾಯವನ್ನು ನೋಡಬೇಕು. ತಗ್ಗಿನ ಬೈಲುಗದ್ದೆಯಲ್ಲಿ ಏಣೆಲು, ಸುಗ್ಗಿ, ಕೊಳಕೆಯೆಂದು ಮೂರು ಬೆಳೆ. ನಡುವಣ ಮಜಲಿನಲ್ಲಿ ಎರಡು. ಎತ್ತರದ ಬೆಟ್ಟುಗದ್ದೆಯಲ್ಲಿ ಮಳೆಯನ್ನೇ ನಂಬಿದ ಒಂದು. ಬೇಸಗೆಯ ಕೊನೆಯಲ್ಲಿ ಪತ್ತನಾಜೆಯು ಕಳೆಯಿತೆಂದರೆ ಆಟ ನೇಮಗಳೆಲ್ಲ ನಿಂತು, ಜನರು ಮಣ್ಣಿಗಿಳಿಯುವರು. ಉಳುವವನು ಗಂಡಸು, ನೇಜಿ ಕೀಳುವವಳು, ನೆಡುವವಳು, ಕಳೆ ತೆಗೆಯುವವಳು, ಕೊಯ್ಯುವವಳು ಹೆಂಗಸು. ಆಕೆಯ ಬೆನ್ನು ನೆಟ್ಟಗಾಗುವುದು ಮನೆಗೆ ಬಂದು ಒಲೆಯ ಮುಂದೆ ಕುಳಿತಾಗ. ಬಳಿಕ ಆಟಿಯ ತಿಂಗಳು ಬರುವುದು. ಕಣಜದಲ್ಲಿ ಭತ್ತವು ತೀರಿರುವುದು, ಹೊರಗೆ ಮಳೆ ಬಿಡದಿರುವುದು, ಜ್ವರ ಭೇದಿಗಳು ಮನೆಮನೆಯನ್ನು ಹೊಕ್ಕಿರುವುವು. ಆಗ ತಗತೆಸೊಪ್ಪು, ಕೆಸುವಿನೆಲೆ, ಕಣಿಲೆಗಳೇ ಅನ್ನ. ಅವುಗಳಲ್ಲಿ ಕೆಲವು ಮದ್ದು ಸಹ. ಆಟಿಯ ಅಮಾವಾಸ್ಯೆಯ ದಿನ ಸೂರ್ಯೋದಯಕ್ಕೆ ಮೊದಲೇ ಹೋಗಿ, ಕಬ್ಬಿಣವನ್ನು ತಾಗಿಸದೆ ಕಲ್ಲಿನಿಂದ ಜಜ್ಜಿ, ಹಾಲೆಮರದ ತೊಗಟೆಯನ್ನು ತರುವರು. ಅದರ ಕಹಿರಸವನ್ನು ಮನೆಯವರೆಲ್ಲರೂ ಕುಡಿದು, ಮೇಲಿಂದ ಮೆಂತೆಯ ಗಂಜಿಯನ್ನುಣ್ಣುವರು. ಜ್ವರಕ್ಕೆ ಆ ತೊಗಟೆಯು ಒಳ್ಳೆಯದೆಂಬುದನ್ನು ಆಯುರ್ವೇದವೂ ಬಲ್ಲುದು. ಹಸಿದ ತಿಂಗಳಲ್ಲಿ ಅನ್ನವನ್ನೂ ಮದ್ದನ್ನೂ ಒಂದೇ ಬುಟ್ಟಿಯಲ್ಲಿ ಕಾಡಿನಿಂದ ತರುವ ಈ ಜಾಣ್ಮೆಯು ತಾಯಂದಿರದು. ದೇಯಿಯ ವೈದ್ಯವು ಈ ನೆಲದಲ್ಲಿ ಬೇರುಬಿಟ್ಟುದು.

ಹೀಗಿರಲು ಪಡುಮಲೆಯ ಪೆರುಮಳೆ ಬಲ್ಲಾಳನು ಬೇಟೆಗೆ ಹೋದನು. ಬಂಟವಾಳದ ಬಳಿ ನೇತ್ರಾವತಿಯನ್ನು ದಾಟಿ ಪುತ್ತೂರಿನ ದಾರಿ ಹಿಡಿದು, ಅಲ್ಲಿಂದಲೂ ತೆಂಕಲಾಗಿ ಮುಂದುವರಿದರೆ ಸಿಕ್ಕುವ ಕಾಡುಸೀಮೆ ಪಡುಮಲೆ. ಇಂದಿಗೆ ಅದು ಪುತ್ತೂರು ತಾಲೂಕಿನ ಬಡಗನ್ನೂರು ಗ್ರಾಮಕ್ಕೆ ಸೇರಿರುವುದು. ಬೇಟೆಯ ನಡುವೆ ಬಲ್ಲಾಳನ ಕಾಲಿಗೆ ವಿಷದ ಮುಳ್ಳು ನಾಟಿತು. ಕಾಸರಕನ ಮುಳ್ಳೆಂದು ಹಾಡಿನ ಮಾತು. ಮೊದಲು ಅದನ್ನು ಯಾರೂ ದೊಡ್ಡದೆಂದು ಎಣಿಸಲಿಲ್ಲ. ಕಾಲು ಬಾತಿತು, ಕೀವು ಕೂಡಿತು, ನೋವು ಮೇಲೇರಿತು. ಹಾಸಿಗೆ ಹಿಡಿದ ಒಡೆಯನಿಗೆ ನಿದ್ದೆಯಿಲ್ಲ, ಅನ್ನ ರುಚಿಸದು. ಮಂತ್ರವಾದಿಗಳು ಬಂದರು, ಪಂಡಿತರು ಬಂದರು. ಬೂದಿಯನ್ನೂ ಲೇಪವನ್ನೂ ಹಚ್ಚಿದರು. ಗುಣ ಕಾಣಲಿಲ್ಲ. ಒಡೆಯನು ಉಳಿಯುವ ಆಸೆಯೇ ಬೀಡಿನವರಿಗೆ ಹೋಯಿತು.

ಮುಳ್ಳಿನ ಗಾಯದ ಕೇಡೇ ಅದು. ಮೇಲಣ ಚರ್ಮವು ಬೇಗ ಕೂಡಿಕೊಳ್ಳುವುದು. ಒಳಗೆ ಮುರಿದ ತುಂಡು ಉಳಿದು ಕೊಳೆಯುವುದು. ಕೀವಿಗೆ ಹೊರದಾರಿಯಿಲ್ಲದಿದ್ದರೆ ವಿಷವು ನೆತ್ತರಿಗೆ ಹೊಗುವುದು. ಇಂದಿನ ಆಸ್ಪತ್ರೆಯಲ್ಲಾದರೆ ಅದನ್ನು ಕೊಯ್ದು ತೊಳೆದು, ಸೂಜಿಮದ್ದು ಕೊಟ್ಟು ವಾರದೊಳಗೆ ಕಳುಹಿಸುವರು. ಅಂದು ಎಷ್ಟೋ ಜನ ಬೇಸಾಯಗಾರರು ಅಂತಹ ಮುಳ್ಳಿಗೇ ಕಾಲನ್ನು, ಕೊನೆಗೆ ಪ್ರಾಣವನ್ನೂ ಒಪ್ಪಿಸುತ್ತಿದ್ದರು. ಬಡವನ ಕಾಲಿನ ಮುಳ್ಳಿಗೆ ಪಾಡ್ದನವಿಲ್ಲ.

ದೇಯಿಯ ಕೈಗುಣದ ಸುದ್ದಿಯು ಬೀಡಿಗೆ ಮುಟ್ಟಿತು. ಕರೆ ಬಂದಾಗ ಆಕೆಯು ತುಂಬಿದ ಬಸುರಿ. ದಾರಿಯೆಂದರೆ ಗುಡ್ಡ, ಕಾಡು, ತೋಡು. ಹೊತ್ತಿಗೆ ನೋವು ಬಂದರೆ ನಡುದಾರಿಯಲ್ಲಿ ದಿಕ್ಕಿಲ್ಲ. ಬಾರೆನೆಂದಿದ್ದರೆ ಯಾರೂ ತಪ್ಪೆನ್ನುವಂತಿರಲಿಲ್ಲ. ಆದರೆ ಒಡೆಯನ ಕರೆಗೆ ಇಲ್ಲವೆನ್ನುವುದು ಅಂದಿನ ಒಕ್ಕಲಿಗೆ ಸುಲಭವೂ ಆಗಿರಲಿಲ್ಲ. ಬಲ್ಲಾಳನು ದಂಡಿಗೆಯನ್ನು ಕಳುಹಿಸಿದನು. ಕಣ್ಣಿಗೆ ಬಟ್ಟೆ ಕಟ್ಟಿಸಿಕೊಂಡು ಕಾಡಿಗೆ ನಡೆದಿದ್ದ ಹೆಣ್ಣು, ದೊರೆಗಳು ಕುಳಿತುಕೊಳ್ಳುವ ದಂಡಿಗೆಯಲ್ಲಿ ಅದೇ ಕಾಡನ್ನು ದಾಟಿ ಬೀಡಿಗೆ ಬಂದಳು. ಭಯದಿಂದ ಬಂದಳೋ ಕರುಣೆಯಿಂದ ಬಂದಳೋ ಎಂದು ಕೇಳುವವರುಂಟು. ಬಂದ ಮೇಲೆ ಮಾಡಿದ ಕೆಲಸವನ್ನು ನೋಡಿದರೆ, ರೋಗಿಯನ್ನು ಕಂಡ ವೈದ್ಯೆಗೆ ಆ ಪ್ರಶ್ನೆಯು ಅಲ್ಲಿಗೇ ಮುಗಿದಿತ್ತೆಂದು ತೋರುವುದು.

ಬೀಡಿನಲ್ಲಿ ಆಕೆಯು ಮೊದಲು ಗಾಯವನ್ನು ನೋಡಿದಳು. ಬೇಕಾದ ಗಿಡಮೂಲಿಕೆಗಳನ್ನು ತರಿಸಿ ಮದ್ದನ್ನು ಸಿದ್ಧಮಾಡಿ ತನ್ನ ಕೈಯಾರೆ ಹಚ್ಚಿದಳು. ಮುಟ್ಟಬಾರದವಳೆಂದು ಒಂದು ಕಾಲದಲ್ಲಿ ಹೊರಹಾಕಲ್ಪಟ್ಟವಳ ಕೈಯು ಒಡೆಯನ ಕಾಲನ್ನು ಮುಟ್ಟಿತು. ಆಗ ಯಾರೂ ಸೂತಕದ ಮಾತನ್ನೆತ್ತಲಿಲ್ಲ. ಪ್ರಾಣಸಂಕಟದಲ್ಲಿ ಮೈಲಿಗೆಯು ಎಲ್ಲಿಗೆ ಹೋಗುವುದೋ ಶಿವನೇ ಬಲ್ಲ. ಕೀವು ಹರಿದು ಹೋಯಿತು, ಬಾವು ಇಳಿಯಿತು, ಬಲ್ಲಾಳನಿಗೆ ಬಹುದಿನಗಳ ಮೇಲೆ ನಿದ್ದೆ ಬಂದಿತು. ಗಾಯವು ಮಾಯುತ್ತ ಬಂದು ಕಾಲೂರಿ ನಿಲ್ಲುವಂತಾದನು.

ಸಂತೋಷಗೊಂಡ ಬಲ್ಲಾಳನು ಆಕೆಗೆ ಹುಟ್ಟಲಿರುವ ಮಕ್ಕಳಿಗೆ ಅನ್ನಬಟ್ಟೆಗೂ ಉತ್ತುಣ್ಣುವ ಭೂಮಿಗೂ ತಾನು ಹೊಣೆಯೆಂದು ಮಾತುಕೊಟ್ಟನು. ಒಕ್ಕಲು ಹೆಂಗಸಿಗೆ ಗದ್ದೆಗಿಂತ ದೊಡ್ಡ ಉಡುಗೊರೆಯಿಲ್ಲ. ಚಿನ್ನವನ್ನು ಕೊಟ್ಟರೆ ಒಂದು ತಲೆಗೆ ತೀರುವುದು; ನೀರಿರುವ ಗದ್ದೆಯು ಮೊಮ್ಮಕ್ಕಳಿಗೂ ಉಣ್ಣಿಸುವುದು. ಕಾಡಿನಲ್ಲಿ ಎಲ್ಲವನ್ನೂ ಕಳೆದುಕೊಂಡಿದ್ದವಳಿಗೆ ತನ್ನ ಮಕ್ಕಳು ಒಂದು ತುಂಡು ನೆಲದ ಮೇಲೆ ತಮ್ಮದೆಂದು ನಿಲ್ಲುವರೆಂಬುದು ಎಷ್ಟರ ಸಮಾಧಾನವೆಂಬುದನ್ನು ಬೇಸಾಯದ ಮನೆಯವರು ತಾವೇ ಊಹಿಸಿಕೊಳ್ಳಬಲ್ಲರು.

ಊರಿಗೆ ಹಿಂತಿರುಗುವಾಗ ಆಕೆಗೆ ದಾರಿಯಲ್ಲಿ ಹೆರಿಗೆಯ ನೋವು ಕಾಣಿಸಿಕೊಂಡಿತು. ಹಿಂದಕ್ಕೆ ಕರೆತಂದರು. ಪಡುಮಲೆಯಲ್ಲಿಯೇ ಅವಳಿಮಕ್ಕಳು ಹುಟ್ಟಿದರು. ಕೋಟಿ, ಚೆನ್ನಯರೆಂದು ಹೆಸರಾಯಿತು. ಆದರೆ ತಾಯಿಯು ಮಕ್ಕಳ ನಗುವನ್ನು ಹೆಚ್ಚು ದಿನ ನೋಡಲಿಲ್ಲ. ಬಾಣಂತಿಯಾಗಿರುವಾಗಲೇ ತೀರಿಕೊಂಡಳು. ಸಾವಿನ ಕಾರಣವನ್ನು ಹಾಡುಗಾರರು ಊರಿಗೊಂದು ಬಗೆಯಾಗಿ ಹಾಡುವರು. ಆ ಎಳೆಯ ಮಕ್ಕಳು ತಾಯಿಯಿಲ್ಲದೆ ಉಳಿದರೆಂಬಲ್ಲಿ ಎಲ್ಲ ಹಾಡುಗಳೂ ಒಂದಾಗುವುವು.

ದೇಶದೇಶಗಳಲ್ಲಿ ಹೆರಿಗೆಮನೆಯೇ ಹೆಂಗಸಿಗೆ ರಣರಂಗವಾಗಿದ್ದ ಕಾಲ ಅದು. ಹೆರಿಸುವವರ ಕೈಯನ್ನು ಮದ್ದುನೀರಿನಲ್ಲಿ ತೊಳೆದರೆ ಬಾಣಂತಿಜ್ವರವು ಇಳಿಯುವುದೆಂದು ಸೆಮ್ಮೆಲ್‌ವೈಸ್ ಎಂಬ ವೈದ್ಯನು ವಿಯೆನ್ನಾ ನಗರದ ದೊಡ್ಡಾಸ್ಪತ್ರೆಯಲ್ಲಿ ಕಂಡುಹಿಡಿದುದು 1847ರಲ್ಲಿ. ಅವನ ಮಾತನ್ನು ಅಲ್ಲಿಯ ಪಂಡಿತರು ಬಹುಕಾಲ ಒಪ್ಪಲೂ ಇಲ್ಲ. ಯುರೋಪಿನ ರಾಜಧಾನಿಯ ಗತಿಯೇ ಹಾಗಿರಲು, ಅದಕ್ಕಿಂತ ಶತಮಾನಗಳ ಹಿಂದೆ ಪಡುಮಲೆಯ ಬಾಣಂತಿಗೆ ಯಾರು ದಿಕ್ಕು? ಇತರರ ಮಗ್ಗುಲಲ್ಲಿ ಕುಳಿತು ಕಾದವಳ ಮಗ್ಗುಲಲ್ಲಿ ಆಕೆಯಷ್ಟು ಬಲ್ಲವರು ಆ ದಿನ ಯಾರೂ ಇರಲಿಲ್ಲ. ಸೂತಕದ ಕಟ್ಟಳೆಯಿಂದ ಬಾಣಂತಿಯನ್ನು ದೂರದ ಕತ್ತಲೆಕೋಣೆಯಲ್ಲಿರಿಸಿ, ಗಾಳಿಬೆಳಕುಗಳನ್ನು ತಪ್ಪಿಸಿ, ಮುಟ್ಟಲಂಜಿ, ಎಷ್ಟು ತಾಯಂದಿರನ್ನು ನಾಡು ಕಳೆದುಕೊಂಡಿರಬಹುದೆಂಬುದನ್ನು ಲೆಕ್ಕವಿಟ್ಟವರಿಲ್ಲ. ಜನನಸೂತಕವನ್ನು ಬಿಟ್ಟ ಮನೆಗಳ ಹಿರಿಯರು ಎಷ್ಟು ದೊಡ್ಡ ಕೆಲಸವನ್ನು ಮಾಡಿದರೆಂಬುದು ಇಲ್ಲಿ ಕಣ್ಣಿಗೆ ಕಟ್ಟುವುದು.

ಸಾಯನ ಬೈದ್ಯನು ಎರಡನೆಯ ಸಲ ಅನಾಥರನ್ನು ಮನೆಗೆ ತಂದನು. ಮಕ್ಕಳು ಅವನ ಮಡಿಲಲ್ಲಿ ಬೆಳೆದರು. ಅವರ ಮುಂದಿನ ಕಥೆಯು ಸರ್ವವಿದಿತವಾದುದರಿಂದ ಇಲ್ಲಿ ವಿಸ್ತರಿಸಬೇಕಾದುದಿಲ್ಲ. ತಾಯಿಗೆ ಕೊಟ್ಟ ಮಾತು ಏನಾಯಿತೆಂಬಷ್ಟನ್ನು ಮಾತ್ರ ಹೇಳಿದರೆ ಸಾಕು. ಬಲ್ಲಾಳನು ಅವರಿಗೆ ಗದ್ದೆಯನ್ನು ಕೊಟ್ಟನು. ಕೊಟ್ಟುದು ಬಲ್ಲಾಳನ ಮಂತ್ರಿಯಂತಿದ್ದ ಮಲ್ಲಯ ಬುದ್ಧಿವಂತನ ಗದ್ದೆಯ ಒತ್ತಿನಲ್ಲಿ. ಹುಡುಗಾಟದ ದಿನಗಳಿಂದಲೂ ಆ ಮನೆಗೂ ಇವರಿಗೂ ಕೂಡಿಬರಲಿಲ್ಲ. ಉಳುಮೆಯ ದಿನಕ್ಕೂ ತೋಡಿನ ನೀರಿಗೂ ಜಗಳ ಹತ್ತಿತು. ನೀರಿನ ಜಗಳವೆಂದರೇನೆಂಬುದನ್ನು ಗದ್ದೆಯಿರುವವರಿಗೆ ವಿವರಿಸಬೇಕಾಗಿಲ್ಲ; ಮೇಲಣವನು ಕಂಡಿಯನ್ನು ಮುಚ್ಚಿದರೆ ಕೆಳಗಣವನ ನೇಜಿಯು ಎರಡು ದಿನಕ್ಕೆ ಕೆಂಪಾಗುವುದು. ಅಣ್ಣನಾದ ಕೋಟಿಯು ತಾಳ್ಮೆಯವನು, ತಮ್ಮ ಚೆನ್ನಯನು ಬೆಂಕಿ. ಕೊನೆಗೆ ಬುದ್ಧಿವಂತನು ಗದ್ದೆಯಲ್ಲಿಯೇ ಹತನಾದನು. ಕೊಲೆಯನ್ನು ಯಾವ ನ್ಯಾಯದಿಂದಲೂ ಒಳ್ಳೆಯದೆನ್ನಲಾಗದು. ಆದರೆ ತಾಯಿಯ ದುಡಿಮೆಗೆ ಬಂದ ನೆಲಕ್ಕೆ ನೀರಿಲ್ಲದಂತೆ ಮಾಡಿದುದು ಸಹ ಚಿಕ್ಕ ಅಪರಾಧವಲ್ಲ.

ಅಣ್ಣತಮ್ಮಂದಿರು ಬೀಡಿಗೆ ಹೋಗಿ, ತಾಯಿಗೆ ಕೊಟ್ಟ ಮಾತಿನಲ್ಲಿ ಉಳಿದುದನ್ನು ಕೊಡೆಂದು ಕೇಳಿದರು. ಬಲ್ಲಾಳನು ಸಿಟ್ಟಾದನು. ದಂಡಿಗೆ ಕಳುಹಿಸಿ ಕರೆಸಿಕೊಂಡ ದಿನವನ್ನು ಅವನು ಮರೆತಿದ್ದನು. ಮಾಯ್ದ ಕಾಲು ಮುಳ್ಳನ್ನು ನೆನೆಯದು. ಮಕ್ಕಳು ಪಡುಮಲೆಯನ್ನು ಬಿಟ್ಟು ನಡೆದರು.

ಆ ಪಯಣದಲ್ಲಿ ತಾಯಿಯ ಹೆಸರು ಮತ್ತೊಮ್ಮೆ ಬರುವುದು. ಪಂಜದ ಸೀಮೆಯಲ್ಲಿ ಬಾಯಾರಿ ಒಂದು ಮನೆಯ ಮುಂದೆ ನೀರು ಕೇಳಿದರು. ಮನೆಯಲ್ಲಿ ಗಂಡಸರಿರಲಿಲ್ಲ. ಒಳಗಿದ್ದ ಹೆಂಗಸು ಗುರುತಿಲ್ಲದವರ ಕುಲಗೋತ್ರವನ್ನು ವಿಚಾರಿಸಿದಳು. ಅವರು ತಮ್ಮ ಹುಟ್ಟನ್ನೂ ಹೆತ್ತವಳನ್ನೂ ಹೇಳಿದಾಗ, ಆಕೆಯು ಪಯ್ಯ ಬೈದ್ಯನ ಕೈಹಿಡಿದ ತಮ್ಮ ಅಕ್ಕ ಕಿನ್ನಿದಾರುವೆಂಬುದು ಬಯಲಾಯಿತು. ಒಬ್ಬರನ್ನೊಬ್ಬರು ಕಾಣದೆ ಬೆಳೆದ ಒಡಹುಟ್ಟಿದವರು ಒಂದು ಚೊಂಬು ನೀರಿನ ನೆವದಿಂದ ಕೂಡಿದರು. ನೇಜಿ ನೆಡುವ ಹೆಂಗಸರು ಈ ಭಾಗವನ್ನು ಹಾಡುವಾಗ ಕೈ ತಡೆಯುವುದುಂಟು.

ಮುಂದೆ ಪಂಜದವರ ಸೆರೆ, ಅದರಿಂದ ಬಿಡುಗಡೆ, ಎಣ್ಮೂರಿನ ದೇವಬಲ್ಲಾಳನ ಆಶ್ರಯ, ಕೊನೆಗೆ ಬೀಡುಬೀಡುಗಳ ನಡುವೆ ಕಾಳಗ. ಆ ಕಾಳಗದಲ್ಲಿ ಅಣ್ಣತಮ್ಮಂದಿರಿಬ್ಬರೂ ಎಣ್ಮೂರಿನಲ್ಲಿ ಮಡಿದರು. ಅವರ ಹೆಣದ ಮುಂದೆ ಬಲ್ಲಾಳರು ಹಗೆಯನ್ನು ಬಿಟ್ಟು ಒಂದಾದರೆಂದು ಪಾಡ್ದನವು ಹೇಳುವುದು. ತಾಯಿಯು ಒಬ್ಬ ಒಡೆಯನನ್ನು ಬದುಕಿಸಿದಳು. ಮಕ್ಕಳು ಸತ್ತು ಒಡೆಯರ ಜಗಳವನ್ನು ತೀರಿಸಿದರು. ಕೊಟ್ಟ ಮಾತಿನಲ್ಲಿ ಆ ಮನೆತನಕ್ಕೆ ಒಡೆಯರಿಂದ ಬರಬೇಕಾಗಿ ಉಳಿದುದಾದರೋ ಬರಲೇ ಇಲ್ಲ.

ಉಳಿದುದು ಬಾರದಿದ್ದರೂ ಗರೋಡಿಗಳು ಬಂದುವು. ಬಿಲ್ಲವರು ಕಟ್ಟಿದರು, ಬಂಟರೂ ಜೈನ ಗುತ್ತಿನವರೂ ಇತರರೂ ನೇಮಕ್ಕೆ ಕೂಡಿದರು. ಮೂಡಬಿದಿರೆಯ ಸಾವಿರ ಕಂಬದ ಬಸದಿಯನ್ನು ನೋಡಲು ಹೋದವರು ಹಿಂತಿರುಗುವ ದಾರಿಯಲ್ಲಿ ತೋಟದ ನಡುವಣ ಒಂದು ಗರೋಡಿಯನ್ನು ಕಾಣದೆ ಬರುವುದು ವಿರಳ. ಬೆಳ್ತಂಗಡಿಯ ಕಾಡುಹಾದಿಯಲ್ಲಿಯೂ ಬಂಟವಾಳದ ಬೈಲುಗಳಲ್ಲಿಯೂ ಹಾಗೆಯೇ. ಆದರೆ ಬಹುಕಾಲ ಪೂಜೆಯೆಲ್ಲ ಮಕ್ಕಳಿಗೇ ಸಂದಿತು. ತಾಯಿಯ ಕಡೆಗೆ ಜನರ ಕಣ್ಣು ವಿಶೇಷವಾಗಿ ತಿರುಗಿದುದು ಇತ್ತೀಚೆಗೆ. ಪಡುಮಲೆಯ ಸೀಮೆಯ ಗೆಜ್ಜೆಗಿರಿ ನಂದನಬಿತ್ತಿಲಿನಲ್ಲಿ, ಆಕೆಯು ಬಾಳಿದ ನೆಲವೆಂದು ನಂಬುವಲ್ಲಿ, ದೇಯಿ ಬೈದೆತಿಗೂ ಮಕ್ಕಳಿಗೂ ಸಾಯನ ಬೈದ್ಯನಿಗೂ ಸನ್ನಿಧಿಗಳು ಎದ್ದು, 2020ರಲ್ಲಿ ಬ್ರಹ್ಮಕಲಶವು ನೆರವೇರಿತು.

ಆಕೆಯ ಕೆಲಸವು ಆಕೆಯೊಂದಿಗೆ ಮುಗಿಯಲಿಲ್ಲವೆಂಬುದಕ್ಕೆ ಘಟ್ಟದ ಮೇಲಣ ಒಂದು ಉದಾಹರಣೆಯನ್ನು ಹೇಳಬಹುದು. ತುಮಕೂರು ಜಿಲ್ಲೆಯ ಪಾವಗಡ ತಾಲೂಕಿನ ಕೃಷ್ಣಾಪುರದ ನರಸಮ್ಮನವರು ಅಜ್ಜಿಯಿಂದ ಸೂಲಗಿತ್ತಿಯ ವಿದ್ಯೆಯನ್ನು ಕಲಿತು, ಆಸ್ಪತ್ರೆಯಿಲ್ಲದ ಹಳ್ಳಿಗಳಲ್ಲಿ ಹದಿನೈದು ಸಾವಿರಕ್ಕೂ ಹೆಚ್ಚು ಹೆರಿಗೆಗಳನ್ನು ಹಣ ಕೇಳದೆ ಮಾಡಿಸಿದರು. ಹನ್ನೆರಡು ಮಕ್ಕಳನ್ನು ಹೆತ್ತ ಆ ತಾಯಿಗೆ 2018ರಲ್ಲಿ ಪದ್ಮಶ್ರೀ ಬಂದಿತು; ಅದೇ ವರ್ಷ ದಶಂಬರ 25ರಂದು ತೀರಿಕೊಂಡರು. ಅವರು ಮಾಡಿದುದೂ ದೇಯಿಯು ಮಾಡಿದುದೂ ಕಾಯಕವೇ. ಶರಣರಲ್ಲಿ ವೈದ್ಯ ಸಂಗಣ್ಣನು ಮದ್ದಿನ ಚೀಲವನ್ನು ಹೊತ್ತೇ ಅನುಭಾವಕ್ಕೆ ಬಂದವನು; ಹೇಮರೆಡ್ಡಿ ಮಲ್ಲಮ್ಮನು ಅತ್ತೆಯ ಮನೆಯ ದನ ಕಾಯುತ್ತ ಮಲ್ಲಿಕಾರ್ಜುನನನ್ನು ಕಂಡವಳು. ಅವರ ಕಥೆಯನ್ನು ಓದಿ ಕೈಮುಗಿಯುವವರು ದೇಯಿಯನ್ನು ಗುರುತಿಸಲು ತಡವಾಗದು.

ಪುತ್ತೂರು ತಾಲೂಕಿನ ಮುಡಿಪಿನಡ್ಕದಲ್ಲಿ ಅರಣ್ಯ ಇಲಾಖೆಯವರು ಆಕೆಯ ಹೆಸರಿನಲ್ಲಿ ಒಂದು ಔಷಧಿವನವನ್ನು ಮಾಡಿರುವರು. ಅಲ್ಲಿ ಆಕೆಯ ಮೂರ್ತಿಯಿದೆ. ಸುತ್ತಲೂ ನಾಡಿನ ಮದ್ದಿನ ಗಿಡಮರಗಳನ್ನು ಬೆಳೆಸಿರುವರು. ಕಣ್ಣು ಕಟ್ಟಿಸಿಕೊಂಡು ಒಬ್ಬಳೇ ಕುಳಿತಿದ್ದ ಕಾಡು ಅಲ್ಲಿಂದ ದೂರವಲ್ಲ.